ಸೆಕೆಯ ಊರಿನಲ್ಲಿ ಪಿಸಿ ಕಾದರೆ: ಹೊಸ ಕೂಲರ್ ಕೊಳ್ಳುವ ಮೊದಲು ಇಷ್ಟು ನೋಡಿ

ಮಾರ್ಚ್ ಬಂದರೆ ಸಾಕು, ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಉಪ್ಪಳ ಕಡೆಯ ಹುಡುಗರಿಂದ ಒಂದೇ ಪ್ರಶ್ನೆ. ಪಿಸಿ ನಾನೇ ಜೋಡಿಸಿದ್ದು, ಗೇಮ್ ಹಾಕಿದರೆ ಪ್ರೊಸೆಸರ್ 90 ಡಿಗ್ರಿ ದಾಟುತ್ತದೆ, ಯಾವ ಕೂಲರ್ ತೆಗೆದುಕೊಳ್ಳಲಿ? ನನ್ನ ಉತ್ತರವೂ ಯಾವಾಗಲೂ ಒಂದೇ. ಈಗಲೇ ಏನೂ ಕೊಳ್ಳಬೇಡಿ. ಮೊದಲು ಬಿಸಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಿ.

ಬಿಸಿ ಹುಟ್ಟುವುದು ಚಿಪ್‌ನಲ್ಲಿ. ಅಲ್ಲಿಂದ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ದಾಟಿ ಚಿಪ್ ಮೇಲೆ ಕೂತ ಕೂಲರ್‌ಗೆ, ಕೂಲರ್‌ನಿಂದ ಕ್ಯಾಬಿನೆಟ್ ಒಳಗಿನ ಗಾಳಿಗೆ, ಆ ಗಾಳಿ ಕೋಣೆಗೆ, ಕೋಣೆಯಿಂದ ಕಿಟಕಿಯ ಆಚೆಗೆ. ತೋಟದ ಕಣಿಯಲ್ಲಿ ಒಂದು ಕಡೆ ಸೋಗೆ ಸಿಕ್ಕಿಕೊಂಡರೆ ಮೇಲಿನ ನೀರೆಲ್ಲ ನಿಂತುಬಿಡುತ್ತದಲ್ವಾ, ಹಾಗೆ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಇರುತ್ತದೆ. ತಡೆ ಇರುವುದು ಕ್ಯಾಬಿನೆಟ್‌ನ ಗಾಳಿಯಲ್ಲಿ ಅಂತಾದರೆ ಎಷ್ಟು ದುಬಾರಿ ಕೂಲರ್ ಹಾಕಿದರೂ ಅದು ಅದೇ ಬಿಸಿ ಗಾಳಿಯನ್ನು ತಿರುಗಿಸುತ್ತಾ ಕೂರುತ್ತದೆ.

ಮೊದಲು ಕೋಣೆಯ ಬಿಸಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇಲ್ಲಿಂದಲೇ ಶುರು ಮಾಡಬೇಕು. ವಿಡಿಯೋಗಳಲ್ಲಿ 'ಈ ಪ್ರೊಸೆಸರ್ ಫುಲ್ ಲೋಡ್‌ನಲ್ಲಿ 70 ಡಿಗ್ರಿ' ಅಂತ ಹೇಳುವವರು ಹೆಚ್ಚಾಗಿ 21–22 ಡಿಗ್ರಿಯ ತಂಪು ಕೋಣೆಯಲ್ಲಿ ಕೂತು ಅಳೆದಿರುತ್ತಾರೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ತಾರಸಿ ಮನೆಯ ಕೋಣೆ 33–34 ಡಿಗ್ರಿ ಇರುವುದು ಸಾಮಾನ್ಯ. ತಾರಸಿಗೆ ತಾಗಿದ ಮೇಲಿನ ಮಹಡಿ ಆದರೆ ಇನ್ನೂ ಜಾಸ್ತಿ. ಕೂಲರ್ ಯಾವತ್ತೂ ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರದು. ಗಾಳಿಯದ್ದಾಗಲಿ, ನೀರಿನದ್ದಾಗಲಿ ಅಷ್ಟೇ. ಕೋಣೆ 12 ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಹಾಗಾಗಿ ನೀವು ನೋಡಬೇಕಾದ್ದು ಪ್ರೊಸೆಸರ್‌ಗೂ ಕೋಣೆಗೂ ಇರುವ ವ್ಯತ್ಯಾಸ. ಒಂದು ಸಣ್ಣ ರೂಮ್ ಥರ್ಮಾಮೀಟರ್ ತಂದು ಕ್ಯಾಬಿನೆಟ್‌ನ ಮುಂದೆ ಇಡಿ, ಹಿಂದೆ ಬೇಡ, ಅಲ್ಲಿ ಬಿಸಿ ಗಾಳಿ ಹೊರಬರುತ್ತಿರುತ್ತದೆ. ಕೋಣೆ 34, ಪ್ರೊಸೆಸರ್ 84 ಅಂದರೆ ವ್ಯತ್ಯಾಸ 50. ಇದೇ ಪಿಸಿ 22 ಡಿಗ್ರಿಯ ಕೋಣೆಯಲ್ಲಿ 72 ತೋರಿಸುತ್ತಿತ್ತು, ಆಗ ನೀವು ಚಿಂತೆಯನ್ನೇ ಮಾಡುತ್ತಿರಲಿಲ್ಲ. ಎಷ್ಟೋ ಸಲ ತೊಂದರೆ ಪಿಸಿಯದ್ದಲ್ಲ, ಸೆಕೆಯದ್ದು.

ಇನ್ನು ಮಿತಿ. ಇಂಟೆಲ್‌ನ 12, 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಗರಿಷ್ಠ 100 ಡಿಗ್ರಿ. ಎಎಂಡಿಯ ರೈಜನ್ 5 5600ಎಕ್ಸ್‌ಗೆ 95, ರೈಜನ್ 7 5800ಎಕ್ಸ್‌ಗೆ 90. ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳು ಫುಲ್ ಲೋಡ್‌ನಲ್ಲಿ 95ಕ್ಕೆ ಹೋಗಿ ಅಲ್ಲೇ ನಿಲ್ಲುವ ಹಾಗೆಯೇ ಮಾಡಿದವು, ಅದು ಕೆಟ್ಟಿದ್ದಲ್ಲ. ಮಿತಿ ಮುಟ್ಟಿದರೆ ಚಿಪ್ ತಾನಾಗಿ ವೇಗ ತಗ್ಗಿಸುತ್ತದೆ, ಅದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಅದೂ ಸಾಲದೆ ಬಿಸಿ ಇನ್ನೂ ಏರಿದರೆ ಪಿಸಿ ಟಪ್ ಅಂತ ಆಫ್ ಆಗುತ್ತದೆ. ಗೇಮ್ ಆಡುವಾಗ 75–80 ಇದ್ದರೆ ನಮ್ಮ ಸೆಕೆಗೆ ಅದು ಒಳ್ಳೆಯದೇ. ಸುಮ್ನೆ ಡೆಸ್ಕ್‌ಟಾಪ್ ನೋಡ್ತಾ ಕೂತಾಗಲೇ 65–70 ಇದ್ದರೆ ಏನೋ ಉಂಟು ಅಂತ ಅರ್ಥ. ರೈಜನ್ ಇರುವವರು ಗಮನಿಸಿ, ಬ್ರೌಸರ್ ತೆರೆದಾಗ ಒಂದು ಕ್ಷಣ 10–15 ಡಿಗ್ರಿ ಹಾರಿ ಮತ್ತೆ ಇಳಿಯುವುದು ಆ ಚಿಪ್‌ಗಳ ಸ್ವಭಾವ. ಬಯೋಸ್ (ಪಿಸಿ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಒಳಗೆ ಕಾಣುವ ಬಿಸಿಯನ್ನೂ ನಂಬಿ ಕೂರಬೇಡಿ, ಅಲ್ಲಿ ಚಿಪ್ ವಿಶ್ರಾಂತಿಗೆ ಹೋಗುವುದೇ ಇಲ್ಲ, ಅದಕ್ಕೆ ಯಾವಾಗಲೂ ಸ್ವಲ್ಪ ಜಾಸ್ತಿ ಕಾಣುತ್ತದೆ.

ಹತ್ತು ನಿಮಿಷದ ಪರೀಕ್ಷೆ

ವಿಂಡೋಸ್‌ನಲ್ಲಿ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ64 ಹಾಕಿಕೊಳ್ಳಿ, ಉಚಿತ. ಸೆನ್ಸರ್ಸ್ ಓನ್ಲಿ ಆರಿಸಿ. ಇಂಟೆಲ್ ಆದರೆ ಸಿಪಿಯು ಪ್ಯಾಕೇಜ್ ಅನ್ನುವ ಸಾಲು, ಎಎಂಡಿ ಆದರೆ ಟಿಸಿಟಿಎಲ್/ಟಿಡೈ ಅನ್ನುವ ಸಾಲು ನೋಡಿ. ಥರ್ಮಲ್ ಥ್ರಾಟ್ಲಿಂಗ್ ಸಾಲಿನಲ್ಲಿ ಯೆಸ್ ಅಂತ ಬಂತೋ, ಅದನ್ನೂ ಗಮನಿಸಿ. ಕೇರಳದ ಶಾಲೆಗಳಲ್ಲಿ ಕೈಟ್‌ನ (ಅಲ್ಲಿನ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಉಬುಂಟು ಲಿನಕ್ಸ್ ಕಲಿತು ಮನೆಯಲ್ಲೂ ಅದನ್ನೇ ಹಾಕಿಕೊಂಡ ಮಕ್ಕಳು ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿ ಟರ್ಮಿನಲ್‌ನಲ್ಲಿ ಸೆನ್ಸರ್ಸ್ ಅಂತ ಟೈಪ್ ಮಾಡಿದರೆ ಆಯಿತು.

ಪರೀಕ್ಷೆಗೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಏನೂ ಮಾಡದೆ ಇರುವಾಗ ಪ್ರೊಸೆಸರ್ ಎಷ್ಟು ಶೇಕಡಾ ಓಡುತ್ತಿದೆ ನೋಡಿ. 2–5 ಇದ್ದರೆ ಸರಿ. 40–50 ಇದ್ದರೆ ಕೂಲರ್‌ನ ತಪ್ಪಲ್ಲ, ಯಾವುದೋ ಪ್ರೋಗ್ರಾಂ ಹಿಂದೆ ಕೂತು ತಿನ್ನುತ್ತಿದೆ. ಕ್ರ್ಯಾಕ್ ಮಾಡಿದ ಗೇಮ್ ಹಾಕಿದ ಪಿಸಿಗಳಲ್ಲಿ ಕ್ರಿಪ್ಟೋ ಮೈನರ್ ಸೇರಿಕೊಂಡಿರುವುದು ಉಂಟು. ಅಂಥದ್ದು ಇದ್ದರೆ ಅದನ್ನು ಮೊದಲು ತೆಗೆಯಿರಿ.

ಆಮೇಲೆ ಪ್ರೊಸೆಸರ್‌ಗೆ ಪೂರ್ತಿ ಹೊರೆ ಕೊಡುವ ಸಿನೆಬೆಂಚ್ ಆರ್23ನ ಮಲ್ಟಿ ಕೋರ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ. ಲಿನಕ್ಸ್‌ನಲ್ಲಿ ಸ್ಟ್ರೆಸ್-ಎನ್‌ಜಿ ಸಾಕು. ಪ್ರೈಮ್95 ಬೇಡ, ಅದು ಕೊಡುವಷ್ಟು ಹೊರೆ ನಿಮ್ಮ ಯಾವ ಗೇಮೂ ಕೊಡುವುದಿಲ್ಲ, ಸುಮ್ಮನೆ ಹೆದರಿಕೆಯಾಗುತ್ತದೆ. ಈಗ ಬರೀ ಸಂಖ್ಯೆ ನೋಡಬೇಡಿ, ಬಿಸಿ ಏರುವ ರೀತಿ ನೋಡಿ. ಎಲ್ಲ ಗುಟ್ಟೂ ಅಲ್ಲೇ ಇದೆ.

ಟೆಸ್ಟ್ ಒತ್ತಿದ ಒಂದೆರಡು ಸೆಕೆಂಡಿನಲ್ಲೇ 95–100ಕ್ಕೆ ನೆಗೆದು, ನಿಲ್ಲಿಸಿದ ತಕ್ಷಣ ಧಡಕ್ಕನೆ ಕೆಳಗೆ ಬಿದ್ದರೆ ಬಿಸಿ ಚಿಪ್‌ನಿಂದ ಕೂಲರ್‌ಗೆ ದಾಟುತ್ತಲೇ ಇಲ್ಲ. ಪೇಸ್ಟ್ ಅಥವಾ ಕೂಲರ್ ಕೂತ ರೀತಿ ಸರಿಯಿಲ್ಲ. ಅಥವಾ ಚಿಪ್ ತನ್ನ ಅಳತೆಗೆ ಮೀರಿ ಕರೆಂಟ್ ಎಳೆಯುತ್ತಿದೆ, ಅದನ್ನು ಕೆಳಗೆ ಹೇಳ್ತೇನೆ. ಹಾಗಲ್ಲದೆ 70ಕ್ಕೆ ಹೋಗಿ, ಮತ್ತೆ ಮೆಲ್ಲಗೆ 75, 80, 86 ಅಂತ ಹತ್ತು ನಿಮಿಷವೂ ಏರುತ್ತಲೇ ಇದ್ದರೆ ಕ್ಯಾಬಿನೆಟ್ ಒಳಗಿನ ಗಾಳಿ ಕಾಯುತ್ತಿದೆ. ಖಚಿತ ಮಾಡಿಕೊಳ್ಳಲು ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮತ್ತೆ ಓಡಿಸಿ. 5 ಡಿಗ್ರಿಗಿಂತ ಜಾಸ್ತಿ ಇಳಿದರೆ ಗಾಳಿಯ ದಾರಿಯದ್ದೇ ತೊಂದರೆ. ಏನೂ ಬದಲಾಗದಿದ್ದರೆ ಕೂಲರ್ ಕಡೆ ಬನ್ನಿ.

ಕೂಲರ್ ಸರಿಯಾಗಿ ಕೂತಿದೆಯಾ?

ಮನೆಯಲ್ಲೇ ಜೋಡಿಸಿದ ಪಿಸಿಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದು. ಪೆರ್ಲ ಹತ್ತಿರದ ಒಂದು ಮನೆಯಲ್ಲಿ ಐ5-12400 ಹಾಕಿದ ಪಿಸಿ ನೋಡಿದೆ. ಪೆಟ್ಟಿಗೆಯ ಜೊತೆ ಬಂದ ಇಂಟೆಲ್ ಕೂಲರ್. ಟೆಸ್ಟ್ ಹಾಕಿದ ಕೂಡಲೇ 100, ಆದರೆ ಕೂಲರ್‌ನ ಅಲ್ಯೂಮಿನಿಯಂ ಮುಟ್ಟಿದರೆ ಬರೀ ಬೆಚ್ಚಗೆ. ಬಿಸಿ ಅಲ್ಲಿಗೆ ತಲುಪುತ್ತಲೇ ಇಲ್ಲ ಅಂತ ಕೈಗೇ ಗೊತ್ತಾಯಿತು. ಮದರ್‌ಬೋರ್ಡ್ ಬಿಚ್ಚಿ ಹಿಂದಿನಿಂದ ನೋಡಿದರೆ ನಾಲ್ಕು ಬಿಳಿ ಪಿನ್‌ಗಳಲ್ಲಿ ಮೂರರ ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದು ಬಿಳಿ ಕಾಲುಗಳು ಅಗಲವಾಗಿ ಕಚ್ಚಿಕೊಂಡಿದ್ದವು. ನಾಲ್ಕನೆಯದು ತೂತಿನೊಳಗೆ ಬಂದಿತ್ತು, ಆದರೆ ಕಡ್ಡಿ ಅರ್ಧಕ್ಕೇ ನಿಂತಿತ್ತು. ಮೇಲಿನಿಂದ ನೋಡಿದರೆ ನಾಲ್ಕೂ ಒಂದೇ ಥರ. ಅದೊಂದು ಮೂಲೆ ಎದ್ದು ಕೂಲರ್ ಓರೆಯಾಗಿ ಕೂತಿತ್ತು. ಪೇಸ್ಟ್ ಹೊಸದಾಗಿ ಹಾಕಿ, ನಾಲ್ಕೂ ಪಿನ್ ಸರಿಯಾಗಿ ಒತ್ತಿದ ಮೇಲೆ ಅದೇ ಕೂಲರ್ ಚೆನ್ನಾಗಿ ಕೆಲಸ ಮಾಡಿತು.

ಈ ಪಿನ್ ಹಾಕುವ ಕ್ರಮ ಹೀಗೆ. ಪಿನ್‌ಗಳ ತಲೆಯ ಮೇಲೆ ಬಾಣದ ಗುರುತಿದೆ, ಅದು ಬಿಚ್ಚಲು ತಿರುಗಿಸುವ ದಿಕ್ಕು. ಹಾಕುವ ಮೊದಲು ನಾಲ್ಕನ್ನೂ ಬಾಣಕ್ಕೆ ಎದುರು ದಿಕ್ಕಿಗೆ ಪೂರ್ತಿ ತಿರುಗಿಸಿಡಿ. ನಾಲ್ಕೂ ಕಾಲುಗಳು ತೂತಿನ ಮೇಲೆ ಸರಿಯಾಗಿ ಕೂತ ಮೇಲೆ ಎದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ, ಟಕ್ ಅಂತ ಕೇಳಬೇಕು. ಮತ್ತೆ ಉಳಿದ ಎರಡು. ಬೋರ್ಡ್ ಬಾಗುವುದು ನೋಡಿ ಭಯವಾಗುತ್ತದೆ, ಅದಕ್ಕೇ ಎಷ್ಟೋ ಜನ ಅರ್ಧಕ್ಕೆ ಬಿಡುವುದು. ಸಾಧ್ಯವಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದೇ ಈ ಕೆಲಸ ಮಾಡಿ, ಹಿಂದಿನಿಂದ ಕಣ್ಣಾರೆ ನೋಡಬಹುದು.

ಹಳೆಯ ಪಿಸಿಯ ಕೂಲರನ್ನು ಹೊಸದಕ್ಕೆ ಹಾಕಿದವರು ಇನ್ನೊಂದು ನೋಡಬೇಕು. ಇಂಟೆಲ್‌ನ 12, 13, 14ನೇ ತಲೆಮಾರಿನ ಎಲ್‌ಜಿಎ1700 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್‌ಗಳಲ್ಲಿ ತೂತುಗಳ ನಡುವಿನ ದೂರ 78 ಮಿ.ಮೀ. ಅದಕ್ಕೂ ಹಿಂದಿನ ಎಲ್‌ಜಿಎ1200ರಲ್ಲಿ 75 ಮಿ.ಮೀ. ಎಳೆದು ಬಾಗಿಸಿ ಕೂರಿಸಿದರೂ ಒತ್ತಡ ಸರಿ ಸಿಗುವುದಿಲ್ಲ, ಸಾಕೆಟ್‌ನ ಎತ್ತರವೂ ಬೇರೆ. ಕೂಲರ್ ಕಂಪನಿಯ ಎಲ್‌ಜಿಎ1700 ಬ್ರಾಕೆಟ್ ತರಿಸಿಕೊಳ್ಳುವುದೇ ಸರಿ.

ಕೂಲರ್ ಬಿಚ್ಚಿದ ಮೇಲೆ ಅದರ ತಳ ನೋಡಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿದ್ದರೆ ತೊಂದರೆ ಸಿಕ್ಕಿತು ಅಂತ ಲೆಕ್ಕ. ಪೇಸ್ಟಿನ ಗುರುತೂ ಕಥೆ ಹೇಳುತ್ತದೆ. ಎಲ್ಲ ಕಡೆ ತೆಳುವಾಗಿ ಹರಡಿದ್ದರೆ ಒಳ್ಳೆಯದು, ಒಂದು ಬದಿ ದಪ್ಪ, ಇನ್ನೊಂದು ಬದಿ ಖಾಲಿ ಅಂದರೆ ಓರೆ. ಒಣಗಿ ಪುಡಿಯಾಗಿದ್ದರೆ ಬದಲಿಸುವ ಕಾಲ ಬಂದಿದೆ.

ಎಎಂ4 ಸಾಕೆಟ್‌ನ ರೈಜನ್ ಇರುವವರೇ, ದಯವಿಟ್ಟು ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಪೇಸ್ಟ್ ಗಟ್ಟಿಯಾಗಿದ್ದರೆ ಸಾಕೆಟ್ ಲಾಕ್ ಇದ್ದ ಹಾಗೆಯೇ ಪ್ರೊಸೆಸರ್ ಕೂಲರ್ ಜೊತೆ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಹತ್ತು ನಿಮಿಷ ಏನಾದರೂ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿಕೊಂಡು ಎತ್ತಿ.

ಹಳೆ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಹಳ್ಳಿ ಅಂಗಡಿಯಲ್ಲಿ ಬಾಟಲಿ ಸಿಗದಿದ್ದರೆ ಮೆಡಿಕಲ್‌ನಲ್ಲಿ ಇಂಜೆಕ್ಷನ್ ಕೊಡುವ ಮೊದಲು ಒರೆಸುವ ಆಲ್ಕೋಹಾಲ್ ಸ್ವ್ಯಾಬ್ ಕೇಳಿ, ಅದರಲ್ಲಿರುವುದು ಸಾಮಾನ್ಯವಾಗಿ 70 ಶೇಕಡಾ ಇದೇ. ಚೆನ್ನಾಗಿ ಒಣಗಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಹೊಸ ಪೇಸ್ಟ್ ನಡುವಿನಲ್ಲಿ ಬಟಾಣಿ ಕಾಳಿನಷ್ಟು ಹಾಕಿ ಕೂಲರ್ ಒತ್ತಿದರೆ ತಾನೇ ಹರಡುತ್ತದೆ. ಎಲ್‌ಜಿಎ1700 ಚಿಪ್ ಉದ್ದ ಇರುವುದರಿಂದ ಉದ್ದಕ್ಕೆ ಒಂದು ಗೆರೆ ಎಳೆದರೂ ಆಗುತ್ತದೆ. ಸ್ವಲ್ಪ ಜಾಸ್ತಿ ಆದರೆ ನಷ್ಟವಿಲ್ಲ, ಕಡಿಮೆ ಆದರೆ ತೊಂದರೆ. ಆರ್ಕ್‌ಟಿಕ್ ಎಂಎಕ್ಸ್-4 ಥರದ ಸಾಮಾನ್ಯ ಪೇಸ್ಟ್ ಸಾಕು. ದುಬಾರಿಯದ್ದಕ್ಕೂ ಇದಕ್ಕೂ ವ್ಯತ್ಯಾಸ ಕೆಲವೇ ಡಿಗ್ರಿ.

ಫ್ಯಾನ್ ತಿರುಗುತ್ತಿದೆಯಾ ಅನ್ನುವುದನ್ನೂ ನೋಡಿ. ಅದರ ವೈರ್ ಬೋರ್ಡ್‌ನ ಸಿಪಿಯು ಫ್ಯಾನ್ ಅಂತ ಬರೆದ ಜಾಗಕ್ಕೇ ಹೋಗಬೇಕು. ಬೇರೆ ಕಡೆ ಹಾಕಿದರೆ ಪ್ರೊಸೆಸರ್ ಕಾದರೂ ಫ್ಯಾನ್‌ಗೆ ಗೊತ್ತಾಗದೆ ಹೋಗಬಹುದು. ನೀರಿನ ಕೂಲರ್ ಆದರೆ ಪಂಪ್ ಯಾವಾಗಲೂ ಪೂರ್ತಿ ವೇಗದಲ್ಲಿ ಓಡಬೇಕು, ರೇಡಿಯೇಟರ್‌ನ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಗಾಳಿಗುಳ್ಳೆ ಪಂಪ್‌ನಲ್ಲೇ ನಿಂತುಬಿಡುತ್ತದೆ.

ಧೂಳು, ಅಡಿಕೆ, ಕುಂಬಾರ ಹುಳ

ನಮ್ಮ ಊರಿನ ಧೂಳಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮುರಕಲ್ಲಿನ ಕೆಂಪು ಧೂಳು ತುಂಬ ನುಣ್ಣಗೆ, ಜಾಲರಿಯನ್ನೂ ದಾಟುತ್ತದೆ. ಎನ್‌ಎಚ್ 66ರ ಬದಿಯ ಮನೆಗಳಲ್ಲಿ ಹೆದ್ದಾರಿ ಕೆಲಸ ನಡೆಯುವಾಗ ಕೂಲರ್‌ಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಅಡಿಕೆ ಅಂಗಳದಲ್ಲಿ ಒಣಗುವ, ಜಗಲಿಯಲ್ಲಿ ಸುಲಿಯುವ ಮನೆಗಳಲ್ಲಿ ಸಿಪ್ಪೆಯ ಸಣ್ಣ ನಾರು ಗಾಳಿಯಲ್ಲಿ ಬಂದು ಕೂಲರ್‌ನ ರೆಕ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಕೆಂಪು ಧೂಳು ಕೂರುತ್ತದೆ. ಜೂನ್‌ನಲ್ಲಿ ಮಳೆ ಶುರುವಾದರೆ ತೇವ ಸೇರಿ ಒಂದು ಕಂಬಳಿಯೇ ಆಗುತ್ತದೆ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಶಬ್ದವೂ ಜೋರು, ಆದರೆ ಗಾಳಿ ರೆಕ್ಕೆಗಳ ನಡುವೆ ದಾಟುವುದಿಲ್ಲ. ಮೇಲಿನಿಂದ ಟಾರ್ಚ್ ಬಿಟ್ಟರೆ ಫ್ಯಾನ್ ಮಾತ್ರ ಕಾಣುತ್ತದೆ, ಹಾಗಾಗಿ ಫ್ಯಾನ್ ಬಿಚ್ಚಿಯೇ ನೋಡಬೇಕು.

ಇನ್ನೊಂದು ಕುಂಬಾರ ಹುಳ. ತೂತು ಕಂಡಲ್ಲಿ ಮಣ್ಣಿನ ಗೂಡು ಕಟ್ಟುವುದು ಅದರ ಕೆಲಸ. ರಜೆಯಲ್ಲಿ ಕೆಲವು ವಾರ ಪಿಸಿ ಬಳಸದಿದ್ದರೆ ಹಿಂದಿನ ಜಾಲರಿ, ಎಸ್‌ಎಂಪಿಎಸ್‌ನ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬಾಯಿ ಒಮ್ಮೆ ನೋಡಿಯೇ ಸ್ವಿಚ್ ಹಾಕಿ. ಫ್ಯಾನಿನ ಎಲೆಗೆ ಗೂಡು ತಾಗಿದರೆ ಫ್ಯಾನ್ ತಿರುಗುವುದೇ ಇಲ್ಲ. ಹಲ್ಲಿ, ಇರುವೆಗಳಿಗೂ ಎಸ್‌ಎಂಪಿಎಸ್ ಇಷ್ಟದ ಜಾಗ. ಆದರೆ ಎಸ್‌ಎಂಪಿಎಸ್‌ನ ಪೆಟ್ಟಿಗೆ ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರುತ್ತದೆ.

ಸ್ವಚ್ಛ ಮಾಡುವಾಗ ಪ್ಲಗ್ ತೆಗೆದು ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಿರಿ. ಪಿಸಿಯನ್ನು ಅಂಗಳಕ್ಕೆ ತನ್ನಿ. ಕೈ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಟಯರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ, ಆ ಗಾಳಿಯಲ್ಲಿ ನೀರೂ ಎಣ್ಣೆಯೂ ಬರುತ್ತದೆ. ಮುಂದಿನ ಜಾಲರಿಯನ್ನು ನೀರಿನಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಅಡಿಕೆ ಸುಲಿಯುವ ಕಾಲದಲ್ಲಿ ತಿಂಗಳಿಗೊಮ್ಮೆ ಜಾಲರಿ, ವರ್ಷಕ್ಕೆ ಎರಡು ಸಲ ಕೂಲರ್, ಮಳೆಗಾಲಕ್ಕೆ ಮೊದಲು ಒಮ್ಮೆ ಅಂತೂ ಆಗಲೇಬೇಕು.

ಗಾಳಿಯ ದಾರಿ

ಮುಂದಿನಿಂದ ತಂಪು ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಬಿಸಿ ಹೊರಗೆ. ಇಷ್ಟೇ ಸೂತ್ರ. ಫ್ಯಾನ್‌ನ ಸ್ಟಿಕ್ಕರ್ ಮತ್ತು ಅದನ್ನು ಹಿಡಿದ ಕಂಬಿಗಳು ಇರುವ ಬದಿಯಿಂದ ಗಾಳಿ ಹೊರಬರುತ್ತದೆ. ಅನುಮಾನವಿದ್ದರೆ ತೆಳು ಕಾಗದದ ಚೂರು ಹಿಡಿದು ನೋಡಿ. ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ನೋಡಲು ಚಂದ, ನಮ್ಮ ಊರಿಗೆ ಮಾತ್ರ ಹೇಳಿದ್ದಲ್ಲ. ಈಗಾಗಲೇ ಇದ್ದರೆ ಬದಿಯ ಸಂದಿಯಾದರೂ ಮುಚ್ಚದೆ ಇರಲಿ. ಕಂಪ್ಯೂಟರ್ ಟೇಬಲ್‌ನ ಒಳಗೂಡಿನಲ್ಲಿ ಕ್ಯಾಬಿನೆಟ್ ತುರುಕುವುದು ಬಿಡಿ, ಗೋಡೆಯಿಂದ ಒಂದು ಗೇಣಾದರೂ ದೂರ ಇಡಿ. ಸೀಲಿಂಗ್ ಫ್ಯಾನ್ ಓಡುತ್ತಿದ್ದರೆ ಹಿಂದಿನ ಬಿಸಿ ಗಾಳಿ ಅಲ್ಲೇ ನಿಲ್ಲದೆ ಚದುರುತ್ತದೆ, ಅದೂ ಲಾಭವೇ.

ಚಿಪ್ ಎಷ್ಟು ಕರೆಂಟ್ ಎಳೆಯುತ್ತಿದೆ?

ಕೂಲರ್ ಸರಿ, ಗಾಳಿ ಸರಿ, ಆದರೂ 100 ಅಂದರೆ ಬಯೋಸ್‌ಗೆ ಹೋಗಿ. ಎಷ್ಟೋ ಮದರ್‌ಬೋರ್ಡ್‌ಗಳು ಇಂಟೆಲ್ ಹಾಕಿದ ವ್ಯಾಟ್ ಮಿತಿಯನ್ನು ತಾವಾಗಿಯೇ ಸಡಿಲ ಬಿಡುತ್ತವೆ. ಉದಾಹರಣೆಗೆ ಐ7-12700 ಪೆಟ್ಟಿಗೆಯ ಮೇಲೆ 65 ವ್ಯಾಟ್, ಆದರೆ ಟರ್ಬೋದಲ್ಲಿ, ಅಂದರೆ ತಾನಾಗಿ ವೇಗ ಏರಿಸಿಕೊಂಡಾಗ, 180ರ ತನಕ ಎಳೆಯಬಲ್ಲದು. ಬೋರ್ಡ್ ಬಿಟ್ಟರೆ ಎಳೆಯುತ್ತಲೇ ಇರುತ್ತದೆ, ಪೆಟ್ಟಿಗೆಯ ಸಣ್ಣ ಕೂಲರ್‌ಗೆ ಅದು ಆಗುವ ಕೆಲಸ ಅಲ್ಲ. ಪಿಎಲ್1, ಪಿಎಲ್2 (ಉದ್ದಕ್ಕೂ ಎಳೆಯುವ ಮತ್ತು ಸ್ವಲ್ಪ ಹೊತ್ತು ಎಳೆಯುವ ವ್ಯಾಟ್ ಮಿತಿ) ಅನ್ನುವ ಜಾಗ ಹುಡುಕಿ ಮೊದಲನೆಯದನ್ನು 65 ಅಥವಾ 90ಕ್ಕೆ ಇಳಿಸಿ ನೋಡಿ. ಗೇಮ್‌ನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ರೈಜನ್‌ನಲ್ಲಿ ಇಕೋ ಮೋಡ್ ಇದೇ ಕೆಲಸ ಮಾಡುತ್ತದೆ. 5000 ಸರಣಿ ಮತ್ತು ಆಮೇಲಿನ ಚಿಪ್‌ಗಳಿಗೆ ಬೋರ್ಡ್ ಬಿಡುವುದಾದರೆ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೆ ಮೈನಸ್ 10 ಹಾಕಿ ಕೆಲವು ದಿನ ಬಳಸಿ, ಪಿಸಿ ಹ್ಯಾಂಗ್ ಆಗದಿದ್ದರೆ ಮೈನಸ್ 15ಕ್ಕೆ ಹೋಗಿ.

ಬಯೋಸ್ ಮುಟ್ಟಲು ಮನಸ್ಸಿಲ್ಲದವರಿಗೆ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನುವುದನ್ನು 99ಕ್ಕೆ ಇಳಿಸುವ ದಾರಿ ಉಂಟು. ಹೆಚ್ಚಿನ ಪಿಸಿಗಳಲ್ಲಿ ಅದರಿಂದ ಟರ್ಬೋ ನಿಲ್ಲುತ್ತದೆ. ವೇಗ ಕಡಿಮೆಯಾಗುತ್ತದೆ, ಆದರೆ ಏಪ್ರಿಲ್–ಮೇ ದಾಟಿಸಲು ಕಾಸು ಖರ್ಚಿಲ್ಲದ ಉಪಾಯ.

ಇಂಟೆಲ್ 13, 14ನೇ ತಲೆಮಾರಿನ ದೊಡ್ಡ ಚಿಪ್ ಇರುವವರು ಬಯೋಸ್ ಅಪ್‌ಡೇಟ್ ಮಾಡಲೇಬೇಕು. ಆ ಚಿಪ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ನಿಧಾನಕ್ಕೆ ಹಾಳಾಗುತ್ತಿದ್ದವು. ಇಂಟೆಲ್ 2024ರ ಆಗಸ್ಟ್‌ನಿಂದ ಅದಕ್ಕೆ ಹೊಸ ಮೈಕ್ರೋಕೋಡ್ (ಚಿಪ್‌ನ ಒಳಗಿನ ಪ್ರೋಗ್ರಾಂ, ಬಯೋಸ್ ಜೊತೆ ಬರುತ್ತದೆ) ಕೊಟ್ಟಿದೆ. ಆದರೆ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು. ಯುಪಿಎಸ್ ಇದ್ದಾಗಲೇ ಮಾಡಿ, ಅಕ್ಟೋಬರ್–ನವೆಂಬರಿನ ಗುಡುಗು ಮಳೆಯ ಸಂಜೆ ಅಂತೂ ಬೇಡ.

ಇಷ್ಟೆಲ್ಲ ನೋಡಿದ ಮೇಲೂ ಕೋಣೆಗಿಂತ ವ್ಯತ್ಯಾಸ 60ರ ಮೇಲೆಯೇ ನಿಂತಿದ್ದರೆ, ಆಗ ಕೂಲರ್ ಕೊಳ್ಳಿ. 65 ವ್ಯಾಟ್ ವರ್ಗದ ಚಿಪ್‌ಗಳಿಗೆ ನಾಲ್ಕು ತಾಮ್ರದ ಕೊಳವೆಯ ಸಾಮಾನ್ಯ ಟವರ್ ಕೂಲರ್ ಧಾರಾಳ ಸಾಕು. ಕೊಳ್ಳುವ ಮೊದಲು ಕ್ಯಾಬಿನೆಟ್‌ನ ಅಗಲ ನೋಡಿ. ಈ ಟವರ್‌ಗಳು ಸುಮಾರು 155 ಮಿ.ಮೀ. ಎತ್ತರ ಇರುತ್ತವೆ, ಸಣ್ಣ ಕ್ಯಾಬಿನೆಟ್‌ನಲ್ಲಿ ಬಾಗಿಲು ಮುಚ್ಚುವುದಿಲ್ಲ.

ಅಂಗಡಿಗೇ ಒಯ್ಯಬೇಕಾಗಿ ಬಂದರೆ, ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಹೊರಡುವ ಮೊದಲು ಕೋಣೆಯ ಬಿಸಿ, ಹತ್ತು ನಿಮಿಷದ ಟೆಸ್ಟ್‌ನ ಸ್ಕ್ರೀನ್‌ಶಾಟ್, ಬಾಗಿಲು ತೆಗೆದಾಗಿನ ಸ್ಕ್ರೀನ್‌ಶಾಟ್ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಅಂಗಡಿಯ ಎಸಿಯಲ್ಲಿ ಪಿಸಿ ತಣ್ಣಗೆ ಓಡಿ 'ಏನೂ ತೊಂದರೆ ಇಲ್ಲ' ಅಂತ ಹೇಳಿ ವಾಪಸ್ ಕಳಿಸುವುದು ತುಂಬ ಸಾಮಾನ್ಯ. ಕಾರಿನಲ್ಲಿ ಒಯ್ಯುವಾಗ ಮದರ್‌ಬೋರ್ಡ್ ಕೆಳಗೆ ಬರುವ ಹಾಗೆ ಕ್ಯಾಬಿನೆಟ್ ಮಲಗಿಸಿ, ಟವರ್ ಕೂಲರ್ ನೆಟ್ಟಗೆ ಮೇಲೆ ನೋಡಬೇಕು. ಭಾರದ ಕೂಲರ್ ಆದರೆ ಬಿಚ್ಚಿಟ್ಟುಕೊಂಡೇ ಹೋಗಿ, ಪೇಸ್ಟ್ ಟ್ಯೂಬ್ ಜೊತೆಗಿರಲಿ.